ಗೂಡಿನಲ್ಲಿಟ್ಟ ರೊಟ್ಟಿ

"ಹಕ್ಕಿಗೆ ರೊಟ್ಟಿ ಇಟ್ಟು ಹೋಗೋ ಕೈ, ಮನುಷ್ಯನ ಹಗ್ಗ ಕೊಯ್ಯುತ್ತಾ?"

ನೂಫ್ ಕೇಳಿದ್ದು ಯಾರನ್ನೂ ಅಲ್ಲ. ಹುದೈಬ ಬಂಡೆಯ ನೆತ್ತಿಯಲ್ಲಿ ಅವಳನ್ನು ಬಿಟ್ಟರೆ ಗಾಳಿಯೊಂದೇ ಇತ್ತು. ಮೂರು ದಿನ ಬಿಡದೆ ಬೀಸಿ, ಮರಳಿನ ಮೇಲಿದ್ದ ಹೆಜ್ಜೆಗಳನ್ನೆಲ್ಲ ಅಳಿಸಿ, ಈಗ ಏನೂ ಅರಿಯದ ಹಾಗೆ ಅದು ಸುಮ್ಮನಾಗಿತ್ತು.

ಎದುರಿನ ಕೆಂಪು ಕಲ್ಲುಗೋಡೆಯಲ್ಲಿ ಒಂದರ ಮೇಲೊಂದು ಮೂರು ಗೂಡುಗಳು. ಮಳೆ ಗಾಳಿ ಕೊರೆದು ಮಾಡಿದವು. ಕೆಳಗಿನ ಗೂಡಿನಲ್ಲಿ ಅರ್ಧ ರೊಟ್ಟಿ ಇತ್ತು. ಎಸೆದದ್ದಲ್ಲ, ಇಟ್ಟದ್ದು. ಗಾಳಿಗೆ ಬೀಳದಿರಲಿ ಎಂದು ಅಂಚಿಗೊಂದು ಚಿಕ್ಕ ಕಲ್ಲನ್ನೂ ಒತ್ತಿದ್ದರು. ಹಕ್ಕಿಗಳು ಒಂದು ಮೂಲೆಯನ್ನು ಕುಕ್ಕಿ ತಿಂದಿದ್ದವು.

ಹೊರದೇಶದಿಂದ ಬಂಡೆ ಹತ್ತಲು ಬರುವವರು ಮಿಕ್ಕಿದ್ದನ್ನು ಚೀಲಕ್ಕೆ ತುರುಕಿ ವಾಪಸು ಒಯ್ಯುತ್ತಾರೆ. ಅವರ ಕ್ರಮ ಅದು, ಒಳ್ಳೆಯದೇ. ಆದರೆ ರೊಟ್ಟಿಯನ್ನು ಕಾಲಿಗೆ ಸಿಗದ ಹಾಗೆ ಎತ್ತರಕ್ಕಿಟ್ಟು, ದೇವರ ಹೆಸರು ಹೇಳಿ ಇಳಿದು ಹೋಗುವವರು ಈ ಕಣಿವೆಯವರೇ.

ಮಂಗಳವಾರ ಬೆಳಿಗ್ಗೆ ಅವಳ ಅಣ್ಣ ದೈಫಲ್ಲಾ ಬಿದ್ದದ್ದು ಈ ನೆತ್ತಿಯಿಂದಲೇ.

ನೂಫ್ ಮಂಡಿಯೂರಿ ಕಂಬದಂಥ ಕಲ್ಲಿನ ಹಿಂಬದಿಗೆ ಕೈ ಹಾಕಿದಳು. ಇಳಿಯುವ ಹಗ್ಗ ಪೋಣಿಸಲು ಆ ಕಲ್ಲಿಗೆ ನೈಲಾನ್ ಪಟ್ಟಿ ಸುತ್ತಿರುತ್ತಾರೆ. ಸೀಸನ್ನಿಗೆ ಮೊದಲು ಅಣ್ಣ ತಂಗಿ ಸೇರಿ ಆರು ಬಂಡೆಗಳ ಹಳೇ ಪಟ್ಟಿಗಳನ್ನೆಲ್ಲ ಬಿಚ್ಚಿ ಸುಟ್ಟು, ಹೊಸ ಕೆಂಪು ಪಟ್ಟಿ ಕಟ್ಟಿದ್ದರು. ಅದಾಗಿ ಇನ್ನೂ ನಲವತ್ತು ದಿನ. ಆದರೂ ಹಳ್ಳಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಹುಡುಗ ಸೋಮಾರಿತನ ಮಾಡಿದ, ಹಳೇ ಪಟ್ಟಿಗೇ ಹಗ್ಗ ಹಾಕಿ ಇಳಿದ, ನಾಳೆ ಅತಿಥಿಗಳಿಗೂ ಇದೇ ಗತಿ ಆದರೆ? ಬಂಡೆ ಹತ್ತಿ ನೋಡಿ ಮಾತಾಡುವ ವ್ಯವಧಾನ ಯಾರಿಗೂ ಇರಲಿಲ್ಲ. ಏಪ್ರಿಲ್ ತಿಂಗಳು. ಕಣಿವೆ ತುಂಬ ಡೇರೆಗಳು, ಜೀಪುಗಳು, ಹಗ್ಗ ಹೆಗಲಿಗೇರಿಸಿಕೊಂಡ ಜನ.

ಬೆರಳಿಗೆ ಏನೋ ನುಣುಪಾಗಿ ತಾಗಿತು. ಬಿರುಕಿಗೆ ಸಿಕ್ಕಿಕೊಂಡಿದ್ದ ತುಂಡೊಂದನ್ನು ಅವಳು ಮೆಲ್ಲಗೆ ಎಳೆದಳು.

ಕೆಂಪು ಪಟ್ಟಿ. ಅರ್ಧ ಅಗಲದವರೆಗೆ ಚಾಕುವಿನ ನೇರ ಕೊಯ್ತ. ಉಳಿದರ್ಧ ಭಾರಕ್ಕೆ ಹರಿದು ನೂಲು ನೂಲಾಗಿತ್ತು. ಕೊಯ್ದ ಭಾಗ ಕಲ್ಲಿನ ಹಿಂದೆ, ಇಳಿಯುವವರ ಕಣ್ಣಿಗೆ ಬೀಳದ ಕಡೆ ಇತ್ತು.

ಅಣ್ಣ ಸೋಮಾರಿಯಲ್ಲ. ಅವಳಿಗೆ ಅದು ಮೊದಲೇ ಗೊತ್ತಿತ್ತು. ಈಗ ಕೈಯಲ್ಲಿತ್ತು.

ಪಟ್ಟಿಯನ್ನು ತಲೆವಸ್ತ್ರದ ತುದಿಗೆ ಗಂಟು ಹಾಕಿಕೊಂಡು, ಗೂಡಿನ ರೊಟ್ಟಿಗೆ ಕೈ ಚಾಚಿದಳು. ನೂಫ್ ಎತ್ತರದ ಹುಡುಗಿ. ಕೈ ಪೂರ್ತಿ ಎತ್ತಿದರೆ ಮಧ್ಯದ ಗೂಡು ಸಿಗುತ್ತಿತ್ತು. ರೊಟ್ಟಿಯಿದ್ದ ಗೂಡು ಅವಳ ಹಣೆಯಿಂದ ಒಂದೇ ಗೇಣು ಮೇಲೆ. ಅದನ್ನು ಗಮನಿಸಿದಳು, ಆದರೆ ಆ ಗಳಿಗೆಯಲ್ಲಿ ಅದರ ಅರ್ಥ ಹೊಳೆಯಲಿಲ್ಲ.

ಫೋನು ಬಡಿದುಕೊಂಡಿತು. ಕಣಿವೆಯಲ್ಲಿ ಫೋನಿಗೆ ಜೀವ ಬರುವುದು ಇಂಥ ನೆತ್ತಿಗಳ ಮೇಲೇ.

"ನೂಫ್, ನಾನು ಲಮೀಸ್." ಅಮ್ಮಾನಿನ ಶಾಲೆಯ ಟೀಚರು. ಆರು ಹೆಂಗಸರನ್ನು ಕಟ್ಟಿಕೊಂಡು ಭಾನುವಾರ ಬರುವವರಿದ್ದರು. "ನಿಜ ಹೇಳು. ನಾವು ಬರಬೇಕೋ ಬೇಡವೋ?"

"ಬನ್ನಿ ಮೇಡಂ."

"ನಮ್ಮಲ್ಲಿ ಎರಡು ಪಾರ್ಟಿ ಆಗಿದೆ ಕಣೇ. ಒಂದು ಪಾರ್ಟಿ ಹೆದರಿ ಕೂತಿದೆ. ಇನ್ನೊಂದು ಪಾರ್ಟಿ ತಲೆ ಸ್ನಾನಕ್ಕೆ ನೀರು ಸಿಗುತ್ತಾ ಅಂತ ಕೇಳ್ತಿದೆ."

"ಒಬ್ಬೊಬ್ಬರಿಗೆ ದಿನಕ್ಕೆ ಐದು ಲೀಟರು. ಕುಡಿಯೋಕೆ, ಅಡುಗೆಗೆ, ನಮಾಜಿಗೆ ಮುಂಚೆ ವುಜೂ ಮಾಡೋಕೆ. ತಲೆ ಸ್ನಾನ ಅಮ್ಮಾನಿಗೆ ಹೋದ ಮೇಲೆ."

ಆ ಕಡೆಯಿಂದ ನಗು ಕೇಳಿಸಿತು. ಆಮೇಲೆ ದನಿ ತಗ್ಗಿತು. "ಮಿತಬ್ ಅಂತ ಒಬ್ಬರು ಫೋನ್ ಮಾಡಿದ್ರು. ನಿನ್ನ ಅಣ್ಣನಂತೆ?"

"ದೊಡ್ಡಪ್ಪನ ಮಗ. ಏನಂದ?"

"ನಿಮ್ಮ ಮನೆ ಹೆಸರು ಮಾರ್ಗದರ್ಶಿಗಳ ಪಟ್ಟಿಯಿಂದ ನಾಳೆ ಹೋಗುತ್ತೆ, ಡೇರೆ ಹಾಕೋ ಜಾಗವೂ ಹೋಗುತ್ತೆ, ಸೀಸನ್ನಲ್ಲಿ ಬೇರೆ ಜಾಗ ಸಿಗಲ್ಲ, ಅದಕ್ಕೆ ತಾನೇ ಕರಕೊಂಡು ಹೋಗ್ತೀನಿ ಅಂದ್ರು."

ನೂಫ್ ಕೆಳಗೆ ನೋಡಿದಳು. ತಮ್ಮ ಪುಟ್ಟ ಶಿಬಿರ ಬಂಡೆಯ ಬುಡಕ್ಕೆ ಅಂಟಿಕೊಂಡ ಹಾಗೆ ಕಾಣುತ್ತಿತ್ತು. ಮಧ್ಯಾಹ್ನದ ಗಾಳಿಗೆ ಮರೆ, ಬೆಳಗಿನ ಬಿಸಿಲಿಗೆ ನೆರಳು, ಪ್ರವಾಹದ ಹಾದಿಯಿಂದ ನೂರು ಹೆಜ್ಜೆ ದೂರ. ಅಪ್ಪ ಆರಿಸಿದ ಜಾಗ.

"ಮೇಡಂ, ಬರಕೊಳ್ಳಿ. ಭಾನುವಾರ ಮಧ್ಯಾಹ್ನ ತಲುಪ್ತೀರಿ. ಅವತ್ತು ಬರೀ ನಡಿಗೆ. ಸೋಮವಾರ ಬೆಳಕು ಹರಿಯೋ ಮುಂಚೆ ಹೊರಡೋದು, ಪಶ್ಚಿಮದ ಮುಖ ನೆರಳಲ್ಲಿರುತ್ತೆ, ಹತ್ತೂವರೆಗೆಲ್ಲ ಇಳಿದಿರಬೇಕು. ಸೌದೆ ಹಳ್ಳಿಯಿಂದ ತರ್ತೀನಿ, ಈ ಕಣಿವೆ ರಕ್ಷಿತ ಉದ್ಯಾನ, ಒಳಗೆ ಕಡ್ಡಿ ಮುರಿಯೋ ಹಾಗಿಲ್ಲ. ಹಗ್ಗ ನಂದು. ಮುಂದೆ ಹತ್ತೋಳು ನಾನು. ಯೋಜನೆ ಒಂದು ಅಕ್ಷರವೂ ಬದಲಾಗಿಲ್ಲ."

"ನಾಳೆ ಮಾರ್ಗದರ್ಶಿಗಳ ಸಭೆಯಲ್ಲಿ ನಿಮ್ಮ ಹೆಸರು ಹೊಡೆದು ಹಾಕಿದ್ರೆ?"

"ಹೊಡೆದು ಹಾಕೋ ಕೈ ಹಿಡಕೊಳ್ಳೋಕೆ ನಾನಿರ್ತೀನಲ್ಲ."

*

ಅಜ್ಜಿ ಮುಜೈನಾಗೆ ಕಣ್ಣು ಹೋಗಿ ಹದಿನೆಂಟು ವರ್ಷ. ಅಡುಗೆ ಡೇರೆಯ ಮೂಲೆಯಲ್ಲಿ ಮೇಕೆಗೂದಲಿನ ಕಂಬಳಿಯ ಮೇಲೆ ಕೂತು ಜಪಮಣಿ ಎಣಿಸುತ್ತ, ನಡುನಡುವೆ ತನಗೆ ಬಾಯಿಪಾಠವಿದ್ದ ಸಾಲುಗಳನ್ನು ಗುನುಗುತ್ತ ಇರುವುದು ಅವಳ ದಿನಚರಿ. ನೂಫ್ ಮಾತು ಕಲಿತದ್ದೇ ಆ ಸಾಲುಗಳ ತಾಳದಲ್ಲಿ.

"ಹಿಂದಿನ ದಾರಿಯಿಂದ ಇಳಿದೆಯಲ್ಲ? ಬರಿಗಾಲಲ್ಲಿ?" ಅಂದಳು ಅಜ್ಜಿ.

"ನಿಂಗೆ ಹೇಗೆ ಗೊತ್ತಾಯ್ತು?"

"ಚಪ್ಪಲಿ ಕೈಯಲ್ಲಿ ಹಿಡಕೊಂಡು ಬಂದೋರ ನಡಿಗೆ ಬೇರೆ."

ಆ ಹಿಂದಿನ ದಾರಿ ಆಡು ಕಾಯುವ ಹೆಂಗಸರದ್ದು. ಹಗ್ಗ ಬೇಡ, ಕಬ್ಬಿಣ ಬೇಡ. ಅಂಗಾಲಿಗೆ ಕಲ್ಲಿನ ಗುರುತಿರಬೇಕು ಅಷ್ಟೇ. ತಾಯಿ ಸತ್ತ ವರ್ಷ, ಏಳು ತುಂಬಿದ ನೂಫಳನ್ನು ದೊಡ್ಡಮ್ಮ ಖದ್ರಾ ಕೈಹಿಡಿದು ಅದೇ ದಾರಿಯಲ್ಲಿ ನೆತ್ತಿ ಮುಟ್ಟಿಸಿದ್ದಳು. ಅಳು ನಿಂತದ್ದು ಅವತ್ತೇ.

ನೂಫ್ ರೊಟ್ಟಿಯನ್ನು ಅಜ್ಜಿಯ ಅಂಗೈಗಿಟ್ಟಳು.

ಮುದುಕಿ ಅದನ್ನು ಮೂಗಿಗೆ ಹಿಡಿದಳು, ಹೆಬ್ಬೆರಳಿಂದ ಅಂಚನ್ನು ಸವರಿದಳು, ಒಂದು ಚೂರು ಮುರಿದು ನಾಲಿಗೆಗಿಟ್ಟುಕೊಂಡಳು.

"ಕೆಂಡದ ಬೂದಿಯಲ್ಲಿ ಹೂತು ಸುಟ್ಟದ್ದು. ಕರಿಜೀರಿಗೆ ಹಾಕಿದಾರೆ. ಅಂಚನ್ನ ಎರಡು ಸಲ ಒತ್ತಿದಾರೆ." ಅಜ್ಜಿ ನಕ್ಕಳು. "ನನ್ನ ದೊಡ್ಡ ಸೊಸೆ ಕೈ ಇದು. ಈ ಕಣಿವೇಲಿ ಕರಿಜೀರಿಗೆ ಹಾಕೋಳು ಖದ್ರಾ ಒಬ್ಬಳೇ. ಅವಳ ತವರಿನ ಚಾಳಿ. ಯಾಕೆ, ಒಣಗಿದ್ದು ತಂದಿದೀಯ?"

"ಹುದೈಬದ ಮೇಲೆ ಸಿಕ್ತು."

ಅಜ್ಜಿಯ ಬೆರಳಿನಲ್ಲಿ ಮಣಿ ನಿಂತಿತು.

ದೊಡ್ಡಮ್ಮನ ರೊಟ್ಟಿ ಕಟ್ಟಿಕೊಂಡು ಬಂಡೆ ಬಂಡೆ ಅಲೆಯುವವನು ಒಬ್ಬನೇ. ಮಿತಬ್. ಲಮೀಸರಿಗೆ ಫೋನ್ ಮಾಡಿದವನೂ ಅವನೇ. ದೈಫಲ್ಲಾ ಮಲಗಿದರೆ, ಅವನ ಹೆಸರು ಹೊಡೆದರೆ, ಈ ಜಾಗ, ಈ ಬಂಡೆಗಳ ಸರದಿ ಯಾರಿಗೆ ಹೋಗುತ್ತದೆ?

ಅವಳು ಎದ್ದು ಡೇರೆಯ ಕಂಬಕ್ಕೆ ತೂಗುಹಾಕಿದ್ದ ಕರಿಹಲಗೆಯ ಮುಂದೆ ನಿಂತಳು. ಸೀಸನ್ನಿನ ಉಸಿರೆಲ್ಲ ಆ ಹಲಗೆಯಲ್ಲಿತ್ತು. ಯಾವ ದಿನ ಯಾವ ಬಂಡೆ, ಯಾವ ಡೇರೆಗೆ ಯಾರು, ಎಷ್ಟು ನೀರು, ಜೀಪು ಯಾರ ಕೈಲಿ. ಮಂಗಳವಾರದ ಸಾಲು ಇನ್ನೂ ಹಾಗೇ ಇತ್ತು: "ಹುದೈಬ, ಇಳಿಯೋ ದಾರಿ ಪರೀಕ್ಷೆ, ದೈಫಲ್ಲಾ." ಓರೆ ಬೆಳಕಿನಲ್ಲಿ ನೋಡಿದರೆ ಅಣ್ಣನ ಹೆಸರಿನ ಕೆಳಗೆ ಒರೆಸಿದ ಸೀಮೆಸುಣ್ಣದ ಇನ್ನೊಂದು ಹೆಸರು ಕಾಣುತ್ತಿತ್ತು.

ನೂಫ್.

ಸೋಮವಾರ ಇಳಿಹೊತ್ತಿನ ಅಸರ್ ನಮಾಜಿನ ಮೇಲೆ ಅವಳು ಬರೆದದ್ದು ತನ್ನ ಹೆಸರನ್ನೇ. ಹೆಂಗಸರ ತಂಡವನ್ನು ತಾನು ಕರೆದೊಯ್ಯುವ ಮುಂಚೆ ಒಮ್ಮೆ ಒಬ್ಬಳೇ ಹತ್ತಿ ಇಳಿದು ನೋಡಬೇಕೆಂದಿದ್ದಳು. ಆಗ ದೊಡ್ಡಮ್ಮ ಬಿಸಿರೊಟ್ಟಿ ತಂದು ಪಕ್ಕದಲ್ಲಿ ಕೂತಿದ್ದಳು. ಅಕ್ಷರ ಬರುವುದಿಲ್ಲ, "ಏನು ಬರೆದೆ ಮಗಾ, ಓದು" ಅಂದಿದ್ದಳು, ಓದಿದ್ದನ್ನು ಕೇಳಿ, ಎದ್ದು ತುದಿಗಾಲಲ್ಲಿ ನಿಂತು ತಲೆ ಸವರಿದ್ದಳು. ಕತ್ತಲಾಗುವ ಹೊತ್ತಿಗೆ ಟ್ಯಾಂಕರಿನವನು ಹೇಳಿ ಕಳಿಸಿದ, ನೀರು ಮಂಗಳವಾರ ಬೆಳಿಗ್ಗೆಯೇ ಬರುತ್ತೆ ಅಂತ. ಸೀಸನ್ನಿನಲ್ಲಿ ಟ್ಯಾಂಕರು ಬಂದಾಗ ಮನೆಯಲ್ಲಿರದಿದ್ದರೆ ನೀರು ಪಕ್ಕದ ಶಿಬಿರಕ್ಕೆ ಹೋಯಿತೆಂದೇ ಲೆಕ್ಕ. "ನೀನು ನೀರು ನೋಡಿಕೋ, ಬಂಡೆ ನಾನು ನೋಡ್ತೀನಿ" ಅಂದಿದ್ದ ಅಣ್ಣ. ಅವಳು ತನ್ನ ಹೆಸರು ಒರೆಸಿ ಅವನದ್ದನ್ನು ಬರೆದಿದ್ದಳು.

ರಾತ್ರಿಯ ಇಶಾ ನಮಾಜು ಆದ ಮೇಲೆ ಮಿತಬ್ ಗ್ಯಾಸ್ ಸಿಲಿಂಡರ್ ಕೇಳಿಕೊಂಡು ಬಂದಿದ್ದ. ಹಲಗೆಯ ಮುಂದೆ ನಿಂತಿದ್ದ. ನೋಡಿದ್ದ.

ಫೋನಿನಲ್ಲಿ ದೊಡ್ಡಮ್ಮನ ದನಿ ಸಂದೇಶವೊಂದು ಕಾದಿತ್ತು, ನೆತ್ತಿಯಲ್ಲಿದ್ದಾಗ ಬಂದದ್ದು. ಅಕಾಬಾದ ಆಸ್ಪತ್ರೆಯಿಂದ. ಮೂರು ದಿನದಿಂದ ಅಣ್ಣನ ಹಾಸಿಗೆ ಬಿಟ್ಟು ಅಲುಗದೆ ಕೂತವಳು ಅವಳೇ. ನಿನ್ನೆ ರಾತ್ರಿ ನೂಫಳನ್ನು ಬಲವಂತ ಮಾಡಿ ಮನೆಗೆ ಕಳಿಸಿದ್ದೂ ಅವಳೇ.

"ಮಗಾ, ದೈಫಲ್ಲಾ ಬೆರಳು ಅಲ್ಲಾಡಿಸಿದ. ಇವತ್ತೋ ನಾಳೆಯೋ ಕಣ್ಣು ಬಿಡ್ತಾನೆ ಅಂತ ಡಾಕ್ಟ್ರು ಹೇಳಿದ್ರು. ನೀನು ಬರೋದು ಬೇಡ. ಅಜ್ಜಿ ನೋಡಿಕೋ. ನಾನಿದ್ದೀನಲ್ಲ."

ನೂಫಳ ಕಣ್ಣು ತುಂಬಿತು. ಈ ತಾಯಿಗೆ ಹೇಗೆ ಹೇಳುವುದು, ನಿನ್ನ ಮಗನೇ ಅಂತ?

"ಜೀಪು," ಅಂದಳು ಅಜ್ಜಿ. "ಎರಡನೇ ಗೇರಿನಲ್ಲೇ ಬರ್ತಿದೆ. ನನ್ನ ಮಗ. ಅವನು ಅಷ್ಟು ನಿಧಾನ ಬಂದರೆ ಏನೋ ಕೇಳೋಕೇ ಬರ್ತಾನೆ. ಕಾಫಿ ಇಡು."

*

ಬಂದವರು ಮೂವರು. ದೊಡ್ಡಪ್ಪ ಹುವೈಮಿಲ್, ಬಿಳಿಗಡ್ಡ, ಇಸ್ತ್ರಿ ಮಾಡಿದ ನಿಲುವಂಗಿ. ಅವನ ಮಗ ಮಿತಬ್, ಡೇರೆಯ ಬಾಗಿಲಿಗೆ ಬಗ್ಗಿ ಬರಬೇಕಾದಷ್ಟು ಎತ್ತರ. ಮತ್ತೆ ಹಾಜಿ ಫರಜ್, ಮಾರ್ಗದರ್ಶಿಗಳ ಸಭೆಯ ಹಿರಿಯ, ನಾಳೆ ಹೆಸರು ಹೊಡೆಯುವ ಪೆನ್ನು ಅವನ ಕಿಸೆಯಲ್ಲೇ ಇತ್ತು.

ಸಲಾಮುಗಳಾದವು. ದೊಡ್ಡಪ್ಪ ತಾಯಿಯ ಹಣೆಗೆ ಮುತ್ತಿಟ್ಟ.

ಹಾಜಿ ಸುತ್ತ ನೋಡಿದ. "ಮನೇಲಿ ಗಂಡಸರು ಯಾರೂ ಇಲ್ವಲ್ಲಮ್ಮ. ಮಾತಿಗೆ ಉತ್ತರ ಕೊಡೋರು ಯಾರು?"

"ಕಾಫಿ ಕೊಡೋರು ಯಾರೋ ಅವರೇ," ಅಂದಳು ನೂಫ್.

ಏಲಕ್ಕಿ ಹಾಕಿದ ಕಹಿ ಕಾಫಿಯನ್ನು ಕೂಜೆಯಿಂದ ಬಟ್ಟಲಿಗೆ ಬಗ್ಗಿಸಿ, ಬಲಗೈಯಲ್ಲಿ ಒಬ್ಬೊಬ್ಬರಿಗೇ ಕೊಟ್ಟಳು. ದೊಡ್ಡಪ್ಪ ಬಟ್ಟಲು ಇಸಿದುಕೊಂಡ. ತುಟಿಗೆ ತಾಗಿಸಲಿಲ್ಲ. ಬಾಗಿ, ತನ್ನ ಮುಂದೆ ಮರಳಿನ ಮೇಲಿಟ್ಟ. ಅದನ್ನು ನೋಡಿ ಇನ್ನಿಬ್ಬರೂ ಇಟ್ಟರು.

"ಮೂರು ಬಟ್ಟಲು ಕೆಳಗಿಟ್ಟ ಸದ್ದು ಕೇಳ್ತು," ಅಂದಳು ಅಜ್ಜಿ. "ಏನು ಬೇಡೋಕೆ ಬಂದೆ ನನ್ನ ಮಗನೇ, ನಿನ್ನ ತಮ್ಮನ ಮನೆಗೆ?"

ಹೀಗೆ ಬಟ್ಟಲು ಕೆಳಗಿಟ್ಟು ಕೇಳಿದ್ದನ್ನು ಮನೆಯವರು ಕೊಡಬೇಕು. "ಕೊಟ್ಟೆ, ಕಾಫಿ ಕುಡಿಯಿರಿ" ಅನ್ನಬೇಕು. ಹೆಣ್ಣು ಕೇಳಿ ಬಂದವರೂ, ಕೊಲೆ ಮಾಡಿ ಕ್ಷಮೆ ಬೇಡಿದವರೂ ಹಾಗೇ ಕಾಫಿ ಕುಡಿದು ಎದ್ದು ಹೋಗಿದ್ದಾರೆ. ಇಲ್ಲ ಎಂದ ಮನೆಯ ಕೂಜೆಯನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ.

"ಮಗಳೇ," ಅಂದ ದೊಡ್ಡಪ್ಪ, "ಬೆಳಿಗ್ಗೆ ನೀನು ಹುದೈಬ ಹತ್ತಿದ್ದು ನೋಡಿದೆ. ಇನ್ನು ಹತ್ತಬೇಡ. ಪಟ್ಟಿ ಸವೆದಿತ್ತು, ಹರೀತು, ಹುಡುಗ ಬಿದ್ದ. ಹಾಗಂತ ಬರೆದು ಮುಗಿಸೋಣ. ಆಸ್ಪತ್ರೆ ಹೊಣೆ ನಂದು. ಬರೋ ವರ್ಷ ಅವನ ಹೆಸರನ್ನ ನಾನೇ ನಿಂತು ಮತ್ತೆ ಸೇರಿಸ್ತೀನಿ. ಅಮ್ಮಾನಿನ ಹೆಂಗಸರನ್ನ ಈ ಸಲ ಮಿತಬ್ ನೋಡಿಕೊಳ್ಳಲಿ. ಕಣಿವೆ ತುಂಬ ಜನ ಇದಾರೆ. ಯಾರೋ ಹಗ್ಗ ಕೊಯ್ದರಂತೆ ಅನ್ನೋ ಮಾತು ಹುಟ್ಟಿದ್ರೆ ನಾಳೆಗೆ ಒಂದು ಡೇರೆಯೂ ನಿಲ್ಲಲ್ಲ."

"ಹಗ್ಗ ಕೊಯ್ದರು ಅಂತ ಯಾರು ಹೇಳಿದ್ರು ದೊಡ್ಡಪ್ಪ? ನಾನಂತೂ ಇನ್ನೂ ಬಾಯಿ ಬಿಟ್ಟಿಲ್ಲ."

ದೊಡ್ಡಪ್ಪ ಗಡ್ಡ ನೀವಿಕೊಂಡ.

"ಎಲ್ಲರೂ ಏನೇನೋ ಅಂತಾರಮ್ಮ," ಎಂದು ಹಾಜಿ ನಡುವೆ ಬಂದ.

ನೂಫ್ ತಲೆವಸ್ತ್ರದ ಗಂಟು ಬಿಚ್ಚಿ ಕೆಂಪು ಪಟ್ಟಿಯನ್ನು ಅವನ ಮಂಡಿಯ ಮೇಲಿಟ್ಟಳು. "ಸವೆದಿದೆಯಾ ಹಾಜಿ? ನೀವು ನಲವತ್ತು ವರ್ಷ ಹಗ್ಗ ಹಿಡಿದೋರು. ನೋಡಿ ಹೇಳಿ."

ಹಾಜಿ ಕನ್ನಡಕ ಹಾಕಿಕೊಂಡ. ಕೊಯ್ತದ ಮೇಲೆ ಉಗುರು ಆಡಿಸಿದ. ಆಮೇಲೆ ಕಿಸೆಯಿಂದ ಪೆನ್ನು ತೆಗೆದು, ಅಲ್ಲೇ ಮರಳಿಗೆ ಚುಚ್ಚಿ ನಿಲ್ಲಿಸಿದ.

"ಹೊಸ ಪಟ್ಟಿ. ಚಾಕು," ಅಂದ. "ಹುಡುಗನ ತಪ್ಪಿಲ್ಲ."

ಮೂರು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲೊಂದು ಸರಿದ ಹಾಗಾಯಿತು ನೂಫಳಿಗೆ. ಆದರೆ ಅವಳು ನಿಲ್ಲಲಿಲ್ಲ. ಮಿತಬನ ಕಡೆ ತಿರುಗಿದಳು.

"ಈಗ ನೀನು ಹೇಳು. ಸೋಮವಾರ ಸಂಜೆ ಎಲ್ಲಿದ್ದೆ?"

"ಓಹೋ! ಪೊಲೀಸಮ್ಮ ಬಂದ್ಲು," ಮಿತಬ್ ನಕ್ಕ. "ಟೋಪಿ ಎಲ್ಲಿ ಮರೆತು ಬಂದೆ ನೂಫಿ? ಗ್ಯಾಸಿಗೆ ನಿಮ್ಮನೆಗೇ ಬಂದಿದ್ದೆನಲ್ಲ. ಆಮೇಲೆ ಉತ್ತರದ ಕಣಿವೇಲಿ ಜರ್ಮನಿಯವರ ಜೊತೆ ಬೆಳಗಾಗೋವರೆಗೂ. ಹನ್ನೊಂದು ಜನ. ಒಬ್ಬೊಬ್ಬರನ್ನೇ ಕೇಳು, ಭಾಷೆ ಬಂದ್ರೆ."

"ಲಮೀಸ್ ಮೇಡಂಗೆ ಫೋನ್ ಮಾಡೋಕೆ ನಿಂಗೆ ಭಾಷೆ ಬಂತು."

"ಮಾಡಿದೆ. ಏನೀಗ? ನಿನ್ನ ಅಣ್ಣ ಆಸ್ಪತ್ರೇಲಿ. ನೀನು ಹೆಣ್ಣು. ಆರು ಹೆಂಗಸರನ್ನ ಮರಳಲ್ಲಿ ಬಿಟ್ಟುಬಿಡಬೇಕಿತ್ತಾ? ಮರ್ಯಾದೆ ಉಳಿಸೋಕೆ ಹೋದೆ."

"ಮರ್ಯಾದೆ ನಾನೇ ಉಳಿಸಿಕೊಳ್ತೀನಿ. ಇದನ್ನ ನೋಡು."

ಅವಳು ಅರ್ಧ ರೊಟ್ಟಿಯನ್ನು ಅವನ ಕಾಲ ಬಳಿ, ಮರಳಿನ ಮೇಲೆ ಬಿಟ್ಟಳು.

ಅಜ್ಜಿ "ಅಯ್ಯೋ" ಅಂದಳು. ಮಿತಬನ ನಗು ಅಲ್ಲೇ ನಿಂತಿತು. ಕೋಪದ ಮಾತಿಗಿಂತ ಮೊದಲು ಅವನ ಕೈ ಹೋಯಿತು. ರೊಟ್ಟಿಯನ್ನೆತ್ತಿ, ಮರಳು ಊದಿ, ಮುತ್ತಿಟ್ಟು ಹಣೆಗೊತ್ತಿಕೊಂಡ. ಎದ್ದು ನಿಂತು, ಕೈ ಪೂರ್ತಿ ಚಾಚಿ, ಡೇರೆಯ ಕಂಬದ ತುದಿಗೆ ಅಡ್ಡಪಟ್ಟಿಯ ಮೇಲಿಟ್ಟ.

"ತಲೆ ಕೆಟ್ಟಿದೆಯಾ ನಿಂಗೆ? ಅನ್ನ ಕಣೇ ಅದು! ಚಿಕ್ಕೋರಿದ್ದಾಗ ಅಜ್ಜಿ ಏನು ಹೇಳಿಕೊಟ್ಟಿದ್ದು?"

"ಏನು ಹೇಳಿಕೊಟ್ಟಿದ್ದು?" ನೂಫ್ ಕೇಳಿದಳು. ಅವಳ ದನಿ ಅವಳಿಗೇ ದೂರದಿಂದ ಬಂದ ಹಾಗಿತ್ತು.

"ಕೈಗೆ ಎಟಕುವಷ್ಟು ಎತ್ತರದಲ್ಲಿಡಬೇಕು ಅಂತ. ಅದಕ್ಕಿಂತ ಒಂದು ಬೆರಳು ಕೆಳಗಿಟ್ಟರೂ ಸೋಮಾರಿ ಅಂತ ಬೈತಿದ್ಲು."

ನೂಫ್ ತಲೆಯೆತ್ತಿ ಕಂಬದ ತುದಿ ನೋಡಿದಳು. ಆ ಅಡ್ಡಪಟ್ಟಿ ಅವಳ ಕೈಗೇ ಎಟಕದು. ನೆತ್ತಿಯಲ್ಲಿ ಮೂರು ಗೂಡುಗಳು. ಮಿತಬ್ ಆಗಿದ್ದರೆ ಮೇಲಿನ ಗೂಡು. ತಾನಾಗಿದ್ದರೆ ಮಧ್ಯದ್ದು. ರೊಟ್ಟಿಯಿದ್ದದ್ದು ಕೆಳಗಿನದರಲ್ಲಿ, ತನ್ನ ಹಣೆಯಿಂದ ಒಂದು ಗೇಣು ಮೇಲೆ.

ತನ್ನ ಭುಜದ ಮಟ್ಟಕ್ಕಷ್ಟೇ ಬರುವ ಯಾರೋ ಕೈ ಪೂರ್ತಿ ಎತ್ತಿ ಇಟ್ಟದ್ದು.

ಮನಸ್ಸು ಒಪ್ಪಲಿಲ್ಲ. ಬೇಡ, ಬೇಡ ಎಂದಿತು. ಆದರೂ ಕೇಳಿದಳು.

"ದೊಡ್ಡಪ್ಪ, ಒಂದು ಮಾತು. ಮಂಗಳವಾರ ಹುದೈಬದ ಮೇಲೆ ಯಾರು ಹೋಗಬೇಕಿತ್ತು? ಹಲಗೆ ಮೇಲೆ ಯಾರ ಹೆಸರಿತ್ತು?"

"ನಿನ್ನ ಹೆಸರೇ ಇತ್ತಲ್ಲಮ್ಮ." ದೊಡ್ಡಪ್ಪ ತಡಮಾಡದೆ ಹೇಳಿದ. "ದೇವರು ದೊಡ್ಡೋನು, ನೀನು ಉಳಿದೆ."

"ಇಲ್ಲಪ್ಪ," ಅಂದ ಮಿತಬ್. "ದೈಫಲ್ಲಾ ಹೆಸರಿತ್ತು. ಗ್ಯಾಸಿಗೆ ಬಂದಾಗ ನಾನೇ ನೋಡಿದ್ದೆ."

ಡೇರೆಯ ಬಟ್ಟೆ ಗಾಳಿಗೆ ಒಮ್ಮೆ ಉಬ್ಬಿ ಇಳಿಯಿತು.

"ನೀವು ಆ ವಾರ ಈ ಡೇರೆಗೆ ಬಂದೇ ಇಲ್ಲ," ಅಂದಳು ನೂಫ್. ಒಂದೊಂದೇ ಮಾತನ್ನು ಕಲ್ಲಿನಂತೆ ಇಡುತ್ತ ಹೋದಳು. "ನನ್ನ ಹೆಸರು ಹಲಗೆ ಮೇಲೆ ಇದ್ದದ್ದು ಅಸರ್‌ನಿಂದ ಹೊತ್ತು ಮುಳುಗೋ ಮಗರಿಬ್‌ವರೆಗೆ. ಅಷ್ಟರಲ್ಲಿ ಇಲ್ಲಿಗೆ ಬಂದವರು ಒಬ್ಬರೇ. ಅವರಿಗೆ ನಾನೇ ಓದಿ ಹೇಳಿದ್ದೆ. ಒರೆಸಿದ್ದು ಅವರಿಗೆ ಗೊತ್ತಾಗಲಿಲ್ಲ."

ಮಿತಬ್ ಒಮ್ಮೆ ತಂದೆಯನ್ನು ನೋಡಿದ, ಒಮ್ಮೆ ಕಂಬದ ತುದಿಯ ರೊಟ್ಟಿಯನ್ನು ನೋಡಿದ. ಅಂಚಿನ ಎರಡು ಒತ್ತು, ಕರಿಜೀರಿಗೆ. ಬಾಲ್ಯದಿಂದ ತಿಂದು ಬೆಳೆದದ್ದು.

"ಅಪ್ಪ," ಅಂದ. ಆ ಎತ್ತರದ ಗಂಡಸಿನ ದನಿ ಸಣ್ಣಗಾಗಿತ್ತು. "ಅಪ್ಪ, ಅಮ್ಮ ಈಗ ಎಲ್ಲಿದಾಳೆ?"

ಎಲ್ಲರಿಗೂ ಗೊತ್ತಿತ್ತು ಅವಳು ಎಲ್ಲಿದ್ದಾಳೆಂದು. ಅಕಾಬಾದಲ್ಲಿ. ದೈಫಲ್ಲಾನ ತಲೆದಿಂಬಿನ ಪಕ್ಕ. ಅವನ ಬಾಯಿಗೆ ನೀರು ಹನಿಸುತ್ತ, ಅವನು ಕಣ್ಣು ಬಿಡುವುದನ್ನೇ ಕಾಯುತ್ತ. ನೀನು ಬರೋದು ಬೇಡ. ನಾನಿದ್ದೀನಲ್ಲ.

ನೂಫ್ ಜೀಪಿನ ಕೀಲಿಗೆ ಕೈ ಚಾಚಿದಳು.

"ನಿಲ್ಲು!"

ದೊಡ್ಡಪ್ಪ ತಲೆವಸ್ತ್ರದ ಮೇಲೆ ಬಿಗಿದಿದ್ದ ಕಪ್ಪು ಹುರಿಯನ್ನು ತೆಗೆದು ಅವಳ ಕಾಲ ಮುಂದಿಟ್ಟ. ವಸ್ತ್ರ ಜಾರಿ, ನರೆತ ತಲೆ ಕಂಡಿತು. ಹಾಜಿ ಫರಜ್ ಮುಖ ಬೇರೆ ಕಡೆ ತಿರುಗಿಸಿದ. ಆ ತಲೆ ಬರಿದಾದದ್ದನ್ನು ಈ ಕಣಿವೆಯಲ್ಲಿ ಯಾರೂ ನೋಡಿರಲಿಲ್ಲ.

"ಮೊದಲು ಕೇಳಿದ್ದೆಲ್ಲ ಬಿಟ್ಟೆ. ಹೆಸರು, ಜಾಗ, ಹೆಂಗಸರ ತಂಡ, ಎಲ್ಲ ನಿನಗೇ ಇರಲಿ. ಹಾಜಿ ಮುಂದೆ ಹೇಳ್ತಿದೀನಿ. ಒಂದೇ ಒಂದು ಕೊಡು. ಇವತ್ತು ಆಸ್ಪತ್ರೆಗೆ ಹೋಗಬೇಡ. ಯಾರಿಗೂ ಫೋನ್ ಮಾಡಬೇಡ. ನಾಳೆ ಬೆಳಗಿನ ಫಜರ್‌ವರೆಗೆ. ಅಷ್ಟೇ."

"ಯಾಕೆ ನಾಳೆವರೆಗೆ?"

"ಅಷ್ಟರಲ್ಲಿ ಅವಳನ್ನ ತವರಿಗೆ ಸೇರಿಸಿ ಬರ್ತೀನಿ."

"ನನ್ನನ್ನ ಎತ್ತಿ ಸಾಕಿದೋಳು ನನ್ನ ಪಟ್ಟಿ ಯಾಕೆ ಕೊಯ್ದಳು ದೊಡ್ಡಪ್ಪ? ನಾನು ಏನು ಮಾಡಿದ್ದೆ ಅವಳಿಗೆ?"

"ಕೇಳಬೇಡ ಮಗಳೇ. ಅದೊಂದು ಕೇಳಬೇಡ. ಬಟ್ಟಲು ಮುಂದಿಟ್ಟು ಬೇಡ್ತಿದೀನಿ. ನಿನ್ನ ಅಪ್ಪ ಬದುಕಿದ್ದಿದ್ರೆ ಕೊಡ್ತಿದ್ದ."

ಮೂಲೆಯಿಂದ ಮಣಿಯೊಂದು ಸರಿದ ಸದ್ದು ಬಂತು. ಬೇಡುತ್ತಿದ್ದವನು ಅಜ್ಜಿಯ ಹೊಟ್ಟೆಯಲ್ಲಿ ಹುಟ್ಟಿದವನು. ಆಸ್ಪತ್ರೆಯಲ್ಲಿ ಮಲಗಿದ್ದವನು ಅವಳು ಹಾಡಿ ಮಲಗಿಸಿದ ಮೊಮ್ಮಗ.

"ನೂಫ್," ಅಂದಳು ಅಜ್ಜಿ, "ಬಟ್ಟಲಲ್ಲಿ ಕಾಫಿ ಇನ್ನೂ ಬಿಸಿ ಇದೆಯಾ?"

ನೂಫ್ ಬಗ್ಗಿ ಬಟ್ಟಲಿನ ಹೊಟ್ಟೆಗೆ ಬೆರಳು ತಾಗಿಸಿದಳು.

"ಆರಿದೆ ಅಜ್ಜಿ."

"ಹಾಗಾದ್ರೆ ನಿನ್ನ ಮನೆ, ನಿನ್ನ ಕೂಜೆ. ನಾನು ಕುರುಡಿ, ನಂಗೇನು ಕಾಣುತ್ತೆ?"

ನೂಫ್ ಬಟ್ಟಲನ್ನು ಎತ್ತಿಕೊಂಡಳು. ಅಪ್ಪನ ಕಾಲದಿಂದ ಈ ಡೇರೆಯಲ್ಲಿ ಒಂದು ಬಟ್ಟಲೂ ಕುಡಿಯದೆ ಹಿಂದೆ ಹೋದದ್ದಿಲ್ಲ. ಕಾಫಿಯನ್ನು ಒಲೆಯ ಬೂದಿಗೆ ಸುರಿದಳು, ಚುರ್ ಎಂದಿತು. ಬರಿದಾದ ಬಟ್ಟಲನ್ನು ದೊಡ್ಡಪ್ಪನ ಕಪ್ಪು ಹುರಿಯ ಪಕ್ಕ ಬೋರಲು ಹಾಕಿದಳು.

"ಇಲ್ಲ ದೊಡ್ಡಪ್ಪ," ಅಂದಳು. "ಕೊಡಲ್ಲ."